ಮಗುವಿಗೆ ಏನು, ಯಾವಾಗ ಉಣಿಸಬೇಕು: ಸಲಹೆಗಳೇಕೆ ಬದಲಾಗುತ್ತವೆ, ತಾಯಂದಿರೇಕೆ ತೀರ್ಪುಗಾರರಾಗುತ್ತಾರೆ?

ಪ್ರಶ್ನೆ: ಮೈಸೂರಿನ ಹೊಸ ತಾಯಿ

ನನ್ನ ಮಗಳಿಗೆ ಈಗ ಐದು ತಿಂಗಳು ತುಂಬಿದೆ. ಎದೆಹಾಲಿನ ಜೊತೆಗೆ ದಿನಕ್ಕೆ ಒಂದೆರಡು ಬಾರಿ ಎಳೆಯ ಮಕ್ಕಳಿಗೆಂದೇ ಬರುವ ಪುಡಿ ಹಾಲನ್ನೂ ಕುಡಿಸುತ್ತಿದ್ದೇನೆ. ಸಿಸೇರಿಯನ್ ಆದ ಮೇಲೆ ಹಾಲು ಇಳಿಯುವುದು ತಡವಾಯಿತು, ಮಗುವಿನ ತೂಕ ಇಳಿಯುತ್ತಲೇ ಹೋಯಿತು. ಆಗ ವೈದ್ಯರು ಬರೆದುಕೊಟ್ಟದ್ದು ಇಂದಿಗೂ ಮುಂದುವರಿದಿದೆ. ಮಗು ಚೆನ್ನಾಗಿದೆ, ತೂಕವೂ ಏರುತ್ತಿದೆ. ಹಾಗಾಗಿ ನನ್ನನ್ನು ಕಾಡುತ್ತಿರುವುದು ಮಗುವಿನ ಆರೋಗ್ಯಕ್ಕಿಂತ ಹೆಚ್ಚಾಗಿ ಸುತ್ತಲಿನವರ ಮಾತು.

ನನ್ನ ತಾಯಿ ನನಗೆ ಮೂರು ತಿಂಗಳು ಕಳೆಯುತ್ತಿದ್ದಂತೆಯೇ ರಾಗಿ ಸರಿ ಆರಂಭಿಸಿದ್ದರಂತೆ. ಅದಕ್ಕೂ ಮೊದಲೇ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹಾಕುತ್ತಿದ್ದರಂತೆ. ಹತ್ತು ಹನ್ನೆರಡು ವರ್ಷಗಳ ಹಿಂದೆ ನನ್ನ ಅಕ್ಕನಿಗೆ ಮಗುವಾದಾಗ, ಆರು ತಿಂಗಳವರೆಗೆ ಒಂದು ಹನಿ ನೀರೂ ಬೇಡ, ಮೊಟ್ಟೆ ಮತ್ತು ಕಡಲೆಕಾಯಿಯ ಹೆಸರನ್ನು ವರ್ಷ ತುಂಬುವವರೆಗೆ ಎತ್ತಲೇಬೇಡಿ ಎಂದು ಹೇಳಿ ಕಳುಹಿಸಿದ್ದರು. ಈಗ ನನ್ನ ಮಗಳ ವೈದ್ಯರು, ಆರು ತಿಂಗಳಾದ ಕೂಡಲೇ ಕಡಲೆಕಾಯಿಯನ್ನು ನುಣ್ಣಗೆ ಪುಡಿ ಮಾಡಿ ಕೊಡಿ, ಮನೆಯಲ್ಲಿ ತಿನ್ನುವವರಾದರೆ ಮೊಟ್ಟೆಯನ್ನೂ ಕೊಡಿ ಎನ್ನುತ್ತಿದ್ದಾರೆ. ಮೂವರಿಗೂ ಹೇಳಿದವರು ವೈದ್ಯರೇ ಆಗಿರುವಾಗ, ನನಗೆ ಇಂದು ಸಿಕ್ಕಿರುವ ಸಲಹೆ ಇನ್ನು ಹತ್ತು ವರ್ಷಕ್ಕೆ ತಪ್ಪೆಂದು ಸಾಬೀತಾಗುವುದಿಲ್ಲ ಎಂದು ಹೇಗೆ ನಂಬಲಿ?

ಎರಡನೆಯದು ಇದಕ್ಕಿಂತ ನೋವಿನ ವಿಷಯ. ನಮ್ಮ ಬಡಾವಣೆಯ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಪುಡಿ ಹಾಲಿನ ಅಳತೆಯ ಬಗ್ಗೆ ಒಂದು ಸಣ್ಣ ಪ್ರಶ್ನೆ ಕೇಳಿದೆ. ಅಳತೆಯನ್ನು ಯಾರೂ ಹೇಳಲಿಲ್ಲ. ‘ಹಾಲಿಲ್ಲದ ತಾಯಿ ಎಂಬುವಳೇ ಇಲ್ಲ, ಮನಸ್ಸು ಮಾಡಬೇಕಷ್ಟೆ’ ಎಂಬ ಉಪದೇಶ ಮಾತ್ರ ಸಿಕ್ಕಿತು. ತೊಟ್ಟಿಲ ಶಾಸ್ತ್ರಕ್ಕೆ ಬಂದ ನೆಂಟರೊಬ್ಬರು ಎಲ್ಲರೆದುರಿಗೇ ಹಾಲು ಸಾಲುತ್ತಿಲ್ಲವೇ ಎಂದು ಕೇಳಿದರು. ಅದೇ ಗುಂಪಿನಲ್ಲಿ, ಎರಡು ವರ್ಷದ ಮಗನಿಗೆ ಇನ್ನೂ ಹಾಲೂಡಿಸುತ್ತಿರುವ ಇನ್ನೊಬ್ಬರನ್ನು ‘ಇನ್ನೂ ಬಿಡಿಸಿಲ್ಲವೇ’ ಎಂದು ಹಂಗಿಸುವುದನ್ನೂ ನೋಡಿದೆ. ಕಡಿಮೆ ಕೊಟ್ಟರೂ ತಪ್ಪು, ಹೆಚ್ಚು ಕೊಟ್ಟರೂ ತಪ್ಪು ಎನ್ನುವುದಾದರೆ ಈ ತೀರ್ಪಿಗೂ ಮಗುವಿನ ಹಿತಕ್ಕೂ ಏನು ಸಂಬಂಧ?

ಉತ್ತರ: ಧಾರವಾಡದ ಮಕ್ಕಳ ವೈದ್ಯೆ

ನಿಮ್ಮ ಮೊದಲ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ‘ವೈದ್ಯರು ದಿನಕ್ಕೊಂದು ಹೇಳುತ್ತಾರೆ’ ಎಂಬ ಮಾತನ್ನು ನಾನು ಪ್ರತಿದಿನವೂ ಕೇಳುತ್ತೇನೆ, ಮತ್ತು ಆ ಬದಲಾವಣೆಗಳಿಗೆಲ್ಲ ಒಂದೇ ಕಾರಣವಿರಲಿಲ್ಲ ಎಂಬುದನ್ನು ವಿವರಿಸುವಷ್ಟು ಬಿಡುವು ಹೊರರೋಗಿಗಳ ಸಾಲಿನ ಮುಂದೆ ನನಗೆ ಸಿಗುವುದಿಲ್ಲ.

ಮೊದಲು ತೂಕದ ಪಟ್ಟಿಯನ್ನೇ ತೆಗೆದುಕೊಳ್ಳಿ. ಮಗುವಿನ ಬೆಳವಣಿಗೆಯನ್ನು ಅಳೆಯಲು ಬಹಳ ಕಾಲ ಜಗತ್ತಿನಾದ್ಯಂತ ಬಳಕೆಯಲ್ಲಿದ್ದುದು 1977ರಲ್ಲಿ ಅಮೆರಿಕ ಪ್ರಕಟಿಸಿದ ಪಟ್ಟಿ. ಅದರಲ್ಲಿ ಎಳೆಯ ಮಕ್ಕಳ ಭಾಗಕ್ಕೆ ಆಧಾರವಾದದ್ದು ಒಹಾಯೊ ರಾಜ್ಯದ ಒಂದು ಸಣ್ಣ ಪ್ರದೇಶದ ಮಕ್ಕಳ ಅಳತೆಗಳು, ಮತ್ತು ಆ ಮಕ್ಕಳಲ್ಲಿ ಹೆಚ್ಚಿನವರು ಬಾಟಲಿಯ ಹಾಲು ಕುಡಿದು ಬೆಳೆದವರು. ಎದೆಹಾಲು ಮಾತ್ರ ಕುಡಿಯುವ ಮಗು ಮೊದಲ ಕೆಲವು ತಿಂಗಳು ಚುರುಕಾಗಿ ತೂಕ ಏರಿಸಿಕೊಂಡು ಆಮೇಲೆ ನಿಧಾನವಾಗುತ್ತದೆ. ಅದು ಅದರ ಸಹಜ ನಡೆ. ಆದರೆ ಬಾಟಲಿ ಮಕ್ಕಳ ಪಟ್ಟಿಯ ಮೇಲೆ ಆ ಮಗುವಿನ ಚುಕ್ಕಿಯನ್ನಿಟ್ಟರೆ ನಾಲ್ಕನೆಯ ತಿಂಗಳ ಹೊತ್ತಿಗೆ ಅದು ಸೊರಗುತ್ತಿರುವಂತೆ ಕಾಣುತ್ತಿತ್ತು, ಮತ್ತು ಅದನ್ನು ನೋಡಿದ ಪ್ರಾಮಾಣಿಕ ವೈದ್ಯರೂ ‘ಹಾಲು ಸಾಲುತ್ತಿಲ್ಲ, ಮೇಲಾಹಾರ ಆರಂಭಿಸಿ’ ಎಂದು ಬರೆದುಕೊಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕ ಈ ಆರು ದೇಶಗಳಲ್ಲಿ ಎದೆಹಾಲುಂಡು ಬೆಳೆದ ಮಕ್ಕಳನ್ನು ಅಳೆದು ಹೊಸ ಮಾನದಂಡವನ್ನು ಹೊರತಂದಿತು. ನಿಮ್ಮ ತಾಯಿಗೆ ಸಿಕ್ಕ ಸಲಹೆಯ ಹಿಂದೆ ಈ ಹಳೆಯ ಪಟ್ಟಿಯ ಕೈವಾಡವೂ ಇದ್ದಿರಬಹುದು. ಅವರ ಅಜ್ಞಾನವಂತೂ ಅದಕ್ಕೆ ಕಾರಣವಲ್ಲ.

ಆರು ತಿಂಗಳು ಎದೆಹಾಲು ಮಾತ್ರ ಎಂಬ ನಿಯಮದ ಕಥೆ ಬೇರೆ. 2001ಕ್ಕೆ ಮೊದಲು ವಿಶ್ವ ಆರೋಗ್ಯ ಸಂಸ್ಥೆಯೇ ನಾಲ್ಕರಿಂದ ಆರು ತಿಂಗಳೆಂದು ಹೇಳುತ್ತಿತ್ತು. ಆ ವರ್ಷ ಅದನ್ನು ಆರು ತಿಂಗಳೆಂದೇ ನಿಗದಿಪಡಿಸಿತು. ಇದಕ್ಕೆ ಬಲ ಕೊಟ್ಟ ಅಧ್ಯಯನಗಳಲ್ಲಿ ಬೆಲಾರಸ್ ದೇಶದ್ದು ಮುಖ್ಯವಾದದ್ದು. ಅಲ್ಲಿ 17,000ಕ್ಕೂ ಹೆಚ್ಚು ತಾಯಿ–ಮಕ್ಕಳನ್ನು ಗಮನಿಸಲಾಯಿತು. ಹಾಲೂಡಿಸಲು ಒತ್ತಾಸೆ ನೀಡಿದ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಮೊದಲ ವರ್ಷ ಹೊಟ್ಟೆಯ ಸೋಂಕು ಕಾಣಿಸಿದ್ದು ಶೇ 9.1ರಷ್ಟು ಮಂದಿಗೆ, ಉಳಿದ ಆಸ್ಪತ್ರೆಗಳಲ್ಲಿ ಶೇ 13.2ರಷ್ಟು ಮಂದಿಗೆ. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿಯೂ ಒಂದಿಷ್ಟು ಹೆಚ್ಚಳ ಕಂಡಿತು. ಆದರೆ ಅದೇ ಮಕ್ಕಳು ಆರೂವರೆ ವರ್ಷದವರಾದಾಗ ನೋಡಿದರೆ ಬೊಜ್ಜಿನಲ್ಲಾಗಲಿ ಆಸ್ತಮಾದಲ್ಲಾಗಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಎದೆಹಾಲಿನ ಲಾಭ ನಿಜವಾದದ್ದು, ಕುಡಿಯುವ ನೀರು ಶುದ್ಧವಿಲ್ಲದ ಕಡೆಗಳಲ್ಲಿ ಅದು ಜೀವ ಉಳಿಸುವಷ್ಟು ದೊಡ್ಡದು; ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಪವಾಡಗಳ ಪಟ್ಟಿ ಮಾತ್ರ ಬಹುಪಾಲು ಉತ್ಪ್ರೇಕ್ಷೆ.

ಇನ್ನು ಕಡಲೆಕಾಯಿ. ಇಲ್ಲಿ ವೈದ್ಯಲೋಕವೇ ತಿರುವು ಮುರುವಾಯಿತು. ಅಲರ್ಜಿಯ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬೇಡಿ ಎಂದು 2000ನೇ ಇಸವಿಯಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿತು. ಅದಕ್ಕೆ ಗಟ್ಟಿಯಾದ ಆಧಾರವಿರಲಿಲ್ಲವಾದ್ದರಿಂದ 2008ರಲ್ಲಿ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಒಂದು ಸೋಜಿಗ ಬೆಳಕಿಗೆ ಬಂದಿತ್ತು: ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಇಸ್ರೇಲಿನ ಯಹೂದಿ ಮಕ್ಕಳಲ್ಲಿರುವುದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಾಗಿತ್ತು, ಮತ್ತು ಇಸ್ರೇಲಿನ ಮಕ್ಕಳು ವರ್ಷ ತುಂಬುವ ಮೊದಲೇ ಬಾಂಬಾ ಎಂಬ ಕಡಲೆಕಾಯಿಯ ಕುರುಕಲನ್ನು ಚೀಪುತ್ತಿದ್ದರು. ಇದನ್ನು ಪರೀಕ್ಷಿಸಿದ ಲಂಡನ್ನಿನ ಲೀಪ್ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಬೇಗ ಆರಂಭಿಸಿದ ಮಕ್ಕಳಲ್ಲಿ ಐದನೆಯ ವಯಸ್ಸಿನ ಹೊತ್ತಿಗೆ ಅಲರ್ಜಿ ಸುಮಾರು ಶೇ 80ರಷ್ಟು ಕಡಿಮೆಯಿತ್ತು. ನಿಮ್ಮ ಅಕ್ಕನಿಗೆ ಸಿಕ್ಕದ್ದು ಹಿಂತೆಗೆದುಕೊಂಡ ನಂತರವೂ ಉಳಿದುಕೊಂಡಿದ್ದ ಹಳೆಯ ಎಚ್ಚರಿಕೆ. ನಿಮಗೆ ಸಿಕ್ಕದ್ದು ಪರೀಕ್ಷೆಗೆ ಒಳಪಟ್ಟ ಸಲಹೆ. ಎರಡಕ್ಕೂ ಒಂದೇ ತೂಕವಿಲ್ಲ. ಮುಂದೆ ಬದಲಾಗುವುದಿಲ್ಲವೇ ಎಂದು ಕೇಳಿದಿರಿ, ಸಣ್ಣಪುಟ್ಟದು ಬದಲಾಗಬಹುದು. ಉದಾಹರಣೆಗೆ, ಎದೆಹಾಲು ಸಿಗದ ಆರರಿಂದ ಹನ್ನೊಂದು ತಿಂಗಳ ಮಕ್ಕಳಿಗೆ ಪುಡಿ ಹಾಲಾದರೂ ಸರಿ, ಹಸುವಿನಂಥ ಪ್ರಾಣಿಗಳ ಹಾಲಾದರೂ ಸರಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನನ್ನಂಥ ಅನೇಕರು, ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ ಎಂಬ ಕಾರಣಕ್ಕೆ, ವರ್ಷ ತುಂಬುವವರೆಗೆ ಅದನ್ನು ಮುಖ್ಯ ಹಾಲಾಗಿ ಕೊಡಬೇಡಿ ಎಂದೇ ಹೇಳುತ್ತಿದ್ದೇವೆ. ಜೇನುತುಪ್ಪದ ವಿಷಯದಲ್ಲಿ ಮಾತ್ರ ಇಂಥ ಚರ್ಚೆಯೇ ಇಲ್ಲ. ಅದರಿಂದ ಎಳೆಯ ಮಕ್ಕಳಿಗೆ ಬೊಟುಲಿಸಂ ಎಂಬ ನರಗಳ ಕಾಯಿಲೆ ಬರಬಹುದಾದ್ದರಿಂದ, ವರ್ಷ ತುಂಬುವವರೆಗೆ ಶಾಸ್ತ್ರಕ್ಕೆಂದು ನಾಲಗೆಗೆ ಸವರುವುದೂ ಬೇಡ.

ಅಳತೆಯ ಪ್ರಶ್ನೆಗೂ ಉತ್ತರ ಸಿಗಲಿ. ಡಬ್ಬದೊಳಗಿನ ಚಮಚವನ್ನೇ ಬಳಸಿ, ಡಬ್ಬದ ಮೇಲೆ ಬರೆದಷ್ಟೇ ನೀರು ಹಾಕಿ. ಉಳಿತಾಯಕ್ಕೆಂದು ನೀರು ಹೆಚ್ಚಿಸುವುದೂ, ಮಗು ದಪ್ಪವಾಗಲೆಂದು ಪುಡಿ ಹೆಚ್ಚಿಸುವುದೂ ಅಪಾಯ. ಪುಡಿ ಹಾಲು ಸಂಪೂರ್ಣ ಕ್ರಿಮಿರಹಿತವಲ್ಲ. ಆದ್ದರಿಂದ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಕಲಸಿ, ಆಮೇಲೆ ಆರಿಸಿ ಕುಡಿಸಿ.

ಉತ್ತರ: ಶಿವಮೊಗ್ಗದ ಅಜ್ಜಿ

ನಾನು ನಿಮ್ಮ ತಾಯಿಯ ವಯಸ್ಸಿನವಳು, ಹಾಗಾಗಿ ಮಗಳೇ ಎಂದೇ ಕರೆಯುತ್ತೇನೆ. ಡಾಕ್ಟರಮ್ಮ ತೂಕದ ಪಟ್ಟಿಯ ಬಗ್ಗೆ ಬರೆದದ್ದನ್ನು ಓದಿ ಬಹಳ ಸಮಾಧಾನವಾಯಿತು, ಏಕೆಂದರೆ ಈಚಿನ ವರ್ಷಗಳಲ್ಲಿ ತೀರ್ಪು ಕೇವಲ ಓರಗೆಯವರಿಂದ ಓರಗೆಯವರಿಗೆ ಹೋಗುತ್ತಿಲ್ಲ, ಕೆಳಗಿನಿಂದ ಮೇಲಕ್ಕೂ ಏರುತ್ತಿದೆ. ಮಕ್ಕಳಿಗೆ ಡಬ್ಬದ ಹಾಲು ಹಾಕಿ ಬೆಳೆಸಿದ ನನ್ನನ್ನು ನನ್ನ ಸೊಸೆ, ಬಾಯಲ್ಲಿ ಹೇಳದಿದ್ದರೂ, ಮಕ್ಕಳಿಗೆ ಕೇಡು ಮಾಡಿದವಳಂತೆ ನೋಡುತ್ತಾಳೆ.

1980ರ ದಶಕದಲ್ಲಿ ನನ್ನ ಹೆರಿಗೆಗಳಾದವು. ಹೆತ್ತ ಮೇಲೆ ಮಗುವನ್ನು ನನ್ನ ಪಕ್ಕದಲ್ಲಿ ಮಲಗಿಸಲಿಲ್ಲ. ಬೇರೆ ಕೋಣೆಯಲ್ಲಿಟ್ಟು ಗಡಿಯಾರ ನೋಡಿ ತಂದುಕೊಡುತ್ತಿದ್ದರು. ಮೂರು ಗಂಟೆಗೊಮ್ಮೆ ಮಾತ್ರ ಹಾಲು, ನಡುವೆ ಅತ್ತರೆ ಅಳಲಿ ಎಂಬುದು ಅಂದಿನ ವಿದ್ಯಾವಂತರ ಪದ್ಧತಿ. ಮನೆಗೆ ಬಂದರೆ ಹಿರಿಯರು ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುತ್ತಿದ್ದರು, ಹತ್ತಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿ ಮಗುವಿನ ಬಾಯಿಗೆ ಇಡುತ್ತಿದ್ದರು, ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಲೋಟ ಅಳೆದು ಕೊಡುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಹಾಲು ಕಡಿಮೆಯಾಗದೆ ಇನ್ನೇನಾದೀತು? ಆಗ ಕೈಗೆ ಬಂದದ್ದು ಡಬ್ಬ. ಅಂದು ಅದನ್ನು ಕೊಳ್ಳುವುದು ನಾಚಿಕೆಯ ವಿಷಯವಾಗಿರಲಿಲ್ಲ, ಅನುಕೂಲಸ್ಥರೆಂಬ ಗುರುತಾಗಿತ್ತು. ಡಬ್ಬದ ಮೇಲಿನ ಗುಂಡು ಕೆನ್ನೆಯ ಮಗುವಿನ ಚಿತ್ರದಂತೆ ನಮ್ಮ ಮಗುವೂ ಇದೆಯೆಂದು ನೆರೆಯವರು ಹೊಗಳುತ್ತಿದ್ದರು. ಎದೆಹಾಲನ್ನೇ ನಂಬಿಕೊಂಡವರನ್ನು ಪಾಪ, ಡಬ್ಬ ಕೊಳ್ಳುವ ಶಕ್ತಿಯಿಲ್ಲ ಎಂದು ಕನಿಕರಿಸುತ್ತಿದ್ದ ಹೆಂಗಸರನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೀರ್ಪು ಆಗಲೂ ಇತ್ತು ಮಗಳೇ, ಮುಖ ಮಾತ್ರ ಆಚೆ ಕಡೆಗಿತ್ತು.

ಇನ್ನೊಂದು ಮಾತು. ನನ್ನ ಅಜ್ಜಿ ಹಳ್ಳಿಯವರು, ಓದು ಬರಹ ತಿಳಿಯದವರು. ‘ಅತ್ತಾಗ ಎತ್ತಿಕೊಂಡು ಕುಡಿಸು, ಗಡಿಯಾರಕ್ಕೆ ಹಸಿವಾಗುವುದಿಲ್ಲ’ ಎಂದು ಆಸ್ಪತ್ರೆಯ ಪದ್ಧತಿಯನ್ನು ಅವರು ಹಳಿಯುತ್ತಿದ್ದರು. ನಾವು ಅವರನ್ನು ಹಿಂದುಳಿದವರೆಂದು ನಕ್ಕೆವು. ಈಗ ಆಸ್ಪತ್ರೆಗಳ ಗೋಡೆಯ ಮೇಲೆ ಅದೇ ಮಾತನ್ನು ಬರೆದಿದ್ದಾರೆ, ಮತ್ತು ಅವರು ಮಾಡುತ್ತಿದ್ದಂತೆ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟೇ ಒಳ್ಳೆಯದೆಂದು ಸೊಸೆಯ ಫೋನಿನಲ್ಲಿಯೂ ಬರುತ್ತಿದೆ. ಆ ಮೊದಲ ಹಾಲನ್ನು ಚೆಲ್ಲಿಸಿದವರೂ ನನ್ನ ಅಜ್ಜಿಯೇ ಎಂಬುದನ್ನೂ ಮುಚ್ಚಿಡುವುದಿಲ್ಲ.

ಉತ್ತರ: ಮಂಗಳೂರಿನ ಸ್ತನ್ಯಪಾನ ಸಲಹೆಗಾರ್ತಿ

ಮೇಲಿನ ಇಬ್ಬರೂ ಹೇಳಿದ್ದನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ತಾಯಂದಿರನ್ನು ಹಂಗಿಸುವುದು ತಪ್ಪು. ಆದರೆ ಯಾರ ಮನಸ್ಸಿಗೂ ನೋವಾಗಬಾರದೆಂದು ‘ಎರಡೂ ಒಂದೇ’ ಎಂದು ಹೇಳಿಬಿಟ್ಟರೆ ಅದರ ಲಾಭ ಸೇರುವುದು ತಾಯಂದಿರಿಗಲ್ಲ, ಡಬ್ಬ ಮಾರುವವರಿಗೆ. 1981ರಲ್ಲಿ ವಿಶ್ವ ಆರೋಗ್ಯ ಸಭೆ ಪುಡಿ ಹಾಲಿನ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ರೂಪಿಸಿದ್ದೂ, ಭಾರತ 1992ರಲ್ಲಿ ಅದನ್ನು ಕಾನೂನನ್ನಾಗಿಸಿ 2003ರಲ್ಲಿ ಇನ್ನಷ್ಟು ಬಿಗಿಗೊಳಿಸಿದ್ದೂ ಸುಮ್ಮನೆ ಅಲ್ಲ. ಅಜ್ಜಿ ನೆನೆದ ಆ ಗುಂಡು ಕೆನ್ನೆಯ ಮಗುವಿನ ಚಿತ್ರ ಇಂದು ಡಬ್ಬದ ಮೇಲೆ ಇಲ್ಲದಿರುವುದು ಈ ಕಾನೂನಿನಿಂದಲೇ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ನೀಡುವಂತಿಲ್ಲ, ಆರೋಗ್ಯ ಸಿಬ್ಬಂದಿಗೆ ಉಡುಗೊರೆ ಕೊಡುವಂತಿಲ್ಲ.

‘ಹಾಲಿಲ್ಲದ ತಾಯಿಯೇ ಇಲ್ಲ’ ಎಂಬ ಮಾತು ಸುಳ್ಳು. ಥೈರಾಯ್ಡ್ ತೊಂದರೆ, ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ, ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವ, ಗರ್ಭಕೋಶದಲ್ಲಿ ಮಾಸಿನ (ಹೆರಿಗೆಯ ಕಸದ) ತುಣುಕು ಉಳಿದಿರುವುದು, ಇವುಗಳಿಂದ ಹಾಲು ನಿಜವಾಗಿಯೂ ಕಡಿಮೆಯಾಗಬಹುದು, ಮತ್ತು ಸಿಸೇರಿಯನ್ ನಂತರ ಹಾಲು ಇಳಿಯುವುದು ತಡವಾಗುವುದು ಸಾಮಾನ್ಯ. ಆದರೆ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರಿಗೆ ಆಗಿರುವುದು ಇದಲ್ಲ. ಮೊದಲ ಒಂದೆರಡು ದಿನ ಬರುವ ಗಟ್ಟಿ ಹಾಲಿನ ಪ್ರಮಾಣವೇ ಅಲ್ಪ, ಮಗುವಿಗೆ ಬೇಕಾದದ್ದೂ ಅಷ್ಟೇ ಎಂದು ಯಾರೂ ಹೇಳಿರುವುದಿಲ್ಲ; ರಾತ್ರಿ ಮಗು ಅತ್ತಿತೆಂದು ಬಾಟಲಿ ಬರುತ್ತದೆ, ಎದೆ ಖಾಲಿಯಾಗದಿದ್ದರೆ ಹೊಸ ಹಾಲು ಹುಟ್ಟುವುದಿಲ್ಲವಾದ್ದರಿಂದ ವಾರದೊಳಗೆ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಹೊಣೆ ಹೊರಬೇಕಾದವರು ಆ ರಾತ್ರಿಯ ಪಾಳಿಯಲ್ಲಿ ಮಗುವನ್ನು ಎದೆಗೆ ಹಿಡಿಸಲು ಹತ್ತು ನಿಮಿಷ ಕೊಡದ ವ್ಯವಸ್ಥೆ. ಅಪರಾಧಿಯಾಗಿ ಮನೆಗೆ ಹೋಗುವವಳು ತಾಯಿ. ನನ್ನ ಸಿಟ್ಟಿರುವುದು ಅಲ್ಲಿ.

ಉತ್ತರ: ಬೆಂಗಳೂರಿನ ದತ್ತು ತಾಯಿ

ಮಂಗಳೂರಿನ ಅಕ್ಕನವರ ಮಾತನ್ನು ಒಪ್ಪುತ್ತೇನೆ, ಆದರೂ ಅದೇ ಕಾನೂನಿನ ಇನ್ನೊಂದು ಬದಿಯನ್ನು ತೋರಿಸಬೇಕೆನಿಸಿತು. ತಾಯಿಯ ಹಾಲೇ ಮಗುವಿಗೆ ಅತ್ಯುತ್ತಮ ಎಂದು ಪ್ರತಿಯೊಂದು ಡಬ್ಬದ ಮೇಲೂ ದಪ್ಪಕ್ಷರಗಳಲ್ಲಿ ಅಚ್ಚು ಹಾಕಬೇಕೆಂಬ ನಿಯಮ ಕಂಪನಿಗಳಿಗೆ ಕಡಿವಾಣ ಹಾಕಲೆಂದು ಬಂದದ್ದು. ಆದರೆ ಅದನ್ನು ಓದುವವರು ಕಂಪನಿಯವರಲ್ಲ. ನಡುರಾತ್ರಿ ಅಡುಗೆಮನೆಯ ದೀಪ ಹಾಕಿ ಪುಡಿ ಅಳೆಯುತ್ತಿರುವ ನನ್ನಂಥವರು. ನನ್ನ ಮಗ ನಮ್ಮ ಮನೆಗೆ ಬಂದಾಗ ಮೂರು ತಿಂಗಳ ಕೂಸು. ರೈಲಿನಲ್ಲಿ ಬಾಟಲಿ ತೆಗೆದಾಗಲೆಲ್ಲ ಅಪರಿಚಿತರು ‘ನಿಮ್ಮದನ್ನು ಯಾಕೆ ಕೊಡುತ್ತಿಲ್ಲ’ ಎಂದು ಕೇಳುತ್ತಿದ್ದರು, ಮತ್ತು ಉತ್ತರ ಹೇಳಿದರೆ ಮಗುವಿನ ಹುಟ್ಟಿನ ಕಥೆಯನ್ನೇ ಇಡೀ ಬೋಗಿಗೆ ಹೇಳಬೇಕಾಗುತ್ತಿತ್ತು. ಕೇಳುವವರಲ್ಲಿ ಗಂಡಸರು ಇರಲೇ ಇಲ್ಲವೆಂಬುದನ್ನು ಗಮನಿಸಿದ್ದೇನೆ. ನನ್ನ ಪತಿ ಅದೇ ಬಾಟಲಿ ಹಿಡಿದು ಕುಡಿಸಿದರೆ ಅದೇ ಹೆಂಗಸರು ಎಷ್ಟು ಒಳ್ಳೆಯ ತಂದೆ ಎಂದು ಮೆಚ್ಚುತ್ತಿದ್ದರು.

ಉತ್ತರ: ರಾಮನಗರ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆ

ಇಲ್ಲಿ ಬರೆದ ಎಲ್ಲರಿಗೂ ಮಗುವಿನ ಜೊತೆ ಮನೆಯಲ್ಲಿರಲು ಸ್ವಲ್ಪವಾದರೂ ಕಾಲ ಸಿಕ್ಕಿದೆ ಎಂದುಕೊಂಡು ಬರೆಯುತ್ತಿದ್ದೇನೆ. 2017ರ ತಿದ್ದುಪಡಿಯ ಪ್ರಕಾರ ಹೆರಿಗೆ ರಜೆ 26 ವಾರ, ಅಂದರೆ ಆರು ತಿಂಗಳು. ಆದರೆ ಅದರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದಾದ್ದರಿಂದ, ಹಾಗೆ ತೆಗೆದುಕೊಂಡವರು ಮಗುವಿಗೆ ನಾಲ್ಕು ತಿಂಗಳಾಗುತ್ತಲೇ ಕೆಲಸಕ್ಕೆ ಮರಳಬೇಕು. 50 ಜನರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂಬ ನಿಯಮವೂ ಇದೆ. ಇದ್ದರೂ, ನೂಕುನುಗ್ಗಲಿನ ಬಸ್ಸಿನಲ್ಲಿ ಕೂಸನ್ನು ಕರೆದುಕೊಂಡು ಹೋಗಲು ಎಷ್ಟು ಜನರಿಗೆ ಸಾಧ್ಯ? ಹೊಲದ ಕೂಲಿಯವರಿಗೂ ಮನೆಗೆಲಸದವರಿಗೂ ಈ ರಜೆಯೇ ಇಲ್ಲ. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ ಬರುತ್ತದೆ, ಅದು ಆರು ತಿಂಗಳ ಕೂಲಿಗೆ ಸಾಟಿಯಲ್ಲ.

ನಮ್ಮ ಕೇಂದ್ರದಲ್ಲಿ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರಿಗೂ ಬಾಣಂತಿಯರಿಗೂ ದಿನಕ್ಕೊಂದು ಬಿಸಿಯೂಟವಿದೆ. ಬಾಣಂತಿ ಹೊಸಿಲು ದಾಟಬಾರದೆಂಬ ಕಟ್ಟಳೆ ಇರುವ ಮನೆಗಳಿಂದ, ಊಟ ಅತ್ಯಂತ ಬೇಕಾಗಿರುವ ತಿಂಗಳುಗಳಲ್ಲಿಯೇ ಅವರು ಬರುವುದಿಲ್ಲ. ಆರು ತಿಂಗಳು ಎದೆಹಾಲು ಮಾತ್ರ ಎಂದು ನಾನು ಮನೆಮನೆಗೆ ಹೋಗಿ ಹೇಳುತ್ತೇನೆ, ಹೇಳಲೇಬೇಕು. ಆದರೆ ಅದನ್ನು ಪಾಲಿಸದವಳನ್ನು ಸೋಮಾರಿ ಎಂದು ಜರೆಯುವವರಿಗೆ, ಬೆಳಿಗ್ಗೆ ಏಳಕ್ಕೆ ಮಗುವನ್ನು ಅತ್ತೆಯ ಕೈಗಿತ್ತು ಹೋಗುವ ಮೊದಲು ಸ್ಟೀಲ್ ಲೋಟಕ್ಕೆ ಹಾಲು ಹಿಂಡಿಡುವ ಹೆಂಗಸರನ್ನು ಒಮ್ಮೆ ನೋಡಿ ಎನ್ನುತ್ತೇನೆ. ಮುಚ್ಚಿದ ಶುಭ್ರ ಪಾತ್ರೆಯಲ್ಲಿ ಆ ಹಾಲು ಹೊರಗಿನ ಸಾಧಾರಣ ತಾಪದಲ್ಲಿ ಸುಮಾರು ನಾಲ್ಕು ಗಂಟೆ ಕೆಡುವುದಿಲ್ಲ. ಅದನ್ನು ಬಾಟಲಿಗಿಂತ ಒಳಲೆಯಲ್ಲಿಯೋ ಚಮಚದಲ್ಲಿಯೋ ಕುಡಿಸುವುದು ಲೇಸು, ತೊಳೆಯುವುದು ಸುಲಭ. ಈ ಒಂದು ವಿಷಯ ತಿಳಿಸಿದ ಮೇಲೆ ಪುಡಿ ಹಾಲು ಕೊಳ್ಳುವುದನ್ನೇ ಬಿಟ್ಟ ಮನೆಗಳು ನಮ್ಮ ಊರಿನಲ್ಲಿವೆ. ಬೈದು ಬಿಡಿಸಿದ್ದು ಒಂದೂ ಇಲ್ಲ.

ಪ್ರಶ್ನೆ ಕೇಳಿದವರು: ಮೈಸೂರಿನ ಹೊಸ ತಾಯಿ

ಎಲ್ಲರಿಗೂ ಧನ್ಯವಾದಗಳು. ಅಜ್ಜಿಯವರ ಬರಹವನ್ನು ನನ್ನ ತಾಯಿಗೆ ಓದಿ ಹೇಳಿದೆ. ಅವರಿಗೂ ಆ ಲೋಟ ಅಳೆದ ನೀರಿನ ನೆನಪಿದೆಯಂತೆ. ವಾಟ್ಸಾಪ್ ಗುಂಪನ್ನು ಸದ್ಯಕ್ಕೆ ಸದ್ದಿಲ್ಲದಂತೆ ಮಾಡಿಟ್ಟಿದ್ದೇನೆ. ಡಾಕ್ಟರ್, ಒಂದು ಚಿಕ್ಕ ಸಂದೇಹ ಉಳಿದಿದೆ: ಆರು ತಿಂಗಳು ತುಂಬಿದ ಮೇಲೆ ಕಡಲೆಕಾಯಿ ಪುಡಿಯನ್ನು ರಾಗಿ ಸರಿಯಲ್ಲಿಯೇ ಬೆರೆಸಬಹುದೇ, ಬೇರೆಯಾಗಿ ಕೊಡಬೇಕೇ?

ಉತ್ತರ: ಧಾರವಾಡದ ಮಕ್ಕಳ ವೈದ್ಯೆ

ಬೆರೆಸಬಹುದು. ಆದರೆ ಮೊದಲು ಕೆಲವು ದಿನ ಬರಿಯ ರಾಗಿ ಸರಿಯೇ ಮಗುವಿಗೆ ಒಗ್ಗಲಿ. ಆಮೇಲೆ ಮಗು ಆರೋಗ್ಯವಾಗಿರುವ ಒಂದು ದಿನ, ಬೆಳಗಿನ ಹೊತ್ತು, ಹುರಿದು ಸಿಪ್ಪೆ ತೆಗೆದು ನುಣ್ಣಗೆ ಮಾಡಿದ ಪುಡಿಯನ್ನು ಚಮಚದ ತುದಿಯಷ್ಟು ಸೇರಿಸಿ, ಒಂದೆರಡು ಗಂಟೆ ಮೈಮೇಲೆ ದದ್ದು, ಮುಖದಲ್ಲಿ ಊತ, ವಾಂತಿ ಏನಾದರೂ ಕಾಣಿಸುತ್ತದೆಯೇ ಎಂದು ಗಮನಿಸಿ. ಏನೂ ಇಲ್ಲದಿದ್ದರೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ವಾರದಲ್ಲಿ ಎರಡು ಮೂರು ಬಾರಿಯಾದರೂ ಕೊಡುತ್ತಿರಿ. ಒಮ್ಮೆ ಕೊಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಇಡೀ ಕಡಲೆಕಾಯಿ ಬೀಜವನ್ನಾಗಲಿ ಅದರ ಒಡೆದ ಹೋಳನ್ನಾಗಲಿ ಐದು ವರ್ಷದವರೆಗೆ ಕೊಡಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಮಗಳಿಗೆ ತೀವ್ರವಾದ ಇಸುಬು ಇದ್ದರೆ ಇದಾವುದನ್ನೂ ಮನೆಯಲ್ಲಿ ಆರಂಭಿಸದೆ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ.